ಕಾಂಗ್ರೆಸ್ ಗಿಡದ ಚರ್ಮರೋಗವೂ ಬಿಳಿಯ ರಕ್ತಕಣಗಳೂ

ಬೆಂಗಳೂರು ದಂಡಿನ ಪೂರ್ವಭಾಗದಲ್ಲಿ, ಹಲಸೂರು ಕೆರೆಯ ಆಸುಪಾಸಿನಿಂದ ಇಂದಿರಾನಗರದ ಕಟ್ಟದೆ ಬಿಟ್ಟ ನಿವೇಶನಗಳನ್ನು ಹಾದು ಕೃಷ್ಣರಾಜಪುರದ ರೈಲು ಹಾದಿಯವರೆಗೆ, ಮಳೆ ಬಿದ್ದ ಕೆಲವೇ ವಾರಗಳಲ್ಲಿ ಬಿಳಿಯ ಹೂವಿನ ಕಳೆಯೊಂದು ಎದ್ದು ನಿಲ್ಲುತ್ತದೆ. ಜನರು ಇದನ್ನು ಕಾಂಗ್ರೆಸ್ ಗಿಡವೆನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಪಾರ್ಥೇನಿಯಮ್ ಹಿಸ್ಟರೊಫೋರಸ್. ಅಮೆರಿಕದ ಉಷ್ಣವಲಯದ ಈ ಸಸ್ಯವು ಪುಣೆಯಲ್ಲಿ ಹರಡಿದ್ದುದು 1956ರಲ್ಲಿ ವರದಿಯಾಯಿತು. ಆಮದಾದ ಗೋಧಿಯೊಡನೆ ಬಂದಿತೆಂಬುದು ಜನಜನಿತವಾದ ಅಭಿಪ್ರಾಯ. ಇದರಿಂದುಂಟಾಗುವ ಚರ್ಮರೋಗದಲ್ಲಿ ರಕ್ತಕಣಗಳ ಪಾತ್ರವೇನೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಇತಿಹಾಸದ ಅಭ್ಯಾಸಿಗಳಾದ ನಾವು ಆ ತಿಳಿವಳಿಕೆಯು ಬೆಳೆದು ಬಂದ ಕ್ರಮವನ್ನೇ ಅನುಸರಿಸುತ್ತೇವೆ.

ಈ ರೋಗವು ರೆಪ್ಪೆ, ಮುಖ, ಕತ್ತು, ಮೊಣಕೈಯ ಮಡಿಕೆ ಮೊದಲಾದ ಕಡೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಚರ್ಮವು ಕೆಂಪಾಗಿ ನವೆಯೆದ್ದು, ಕ್ರಮೇಣ ದಪ್ಪನಾಗಿ ಕಪ್ಪಾಗುತ್ತದೆ. 'ರಕ್ತ ಕೆಟ್ಟಿದೆ' ಎಂದು ಬಗೆದು ರಕ್ತಶುದ್ಧಿಯ ಔಷಧಗಳಿಗೆ ಹಣ ಸುರಿಯುವವರುಂಟು. ಅಂಟುರೋಗವೆಂದು ರೋಗಿಯನ್ನು ದೂರವಿಡುವವರೂ ಉಂಟು. ಇವೆರಡೂ ತಪ್ಪು.

'ಅಲರ್ಜಿ' ಎಂಬ ಪದವನ್ನು ವಿಯೆನ್ನಾದ ವೈದ್ಯ ಫಾನ್ ಪಿರ್ಕೆ 1906ರಲ್ಲಿ ಬಳಕೆಗೆ ತಂದನು. 1921ರಲ್ಲಿ ಪ್ರೌಸ್ನಿಟ್ಸ್ ಎಂಬಾತನು, ಮೀನು ಒಗ್ಗದಿದ್ದ ತನ್ನ ಸಹೋದ್ಯೋಗಿ ಕ್ಯುಸ್ಟ್ನರನ ಸೀರಮ್ಮನ್ನು ತನ್ನ ಚರ್ಮಕ್ಕೆ ಚುಚ್ಚಿಕೊಂಡು, ಮರುದಿನ ಅಲ್ಲಿಗೇ ಮೀನಿನ ಸಾರವನ್ನು ಚುಚ್ಚಿಕೊಂಡನು. ಅಲ್ಲಿ ಗಂಧೆ ಎದ್ದಿತು. ಹೀಗೆ ಕೆಲವು ಅಲರ್ಜಿಗಳ ಕಾರಣವು ರಕ್ತದ ದ್ರವಭಾಗದಲ್ಲಿದೆಯೆಂದು ಸಿದ್ಧವಾಯಿತು. ಇಂದು ಐಜಿಇ ಎನ್ನಲಾಗುವ ಆ ಪ್ರತಿಕಾಯವು ಚರ್ಮದ ಮಾಸ್ಟ್ ಕಣಗಳಿಗೂ ರಕ್ತದ ಬೇಸೊಫಿಲ್ ಕಣಗಳಿಗೂ ಅಂಟಿಕೊಂಡಿರುತ್ತದೆ. ಒಗ್ಗದ ವಸ್ತು ತಗುಲಿದೊಡನೆ ಅವು ಹಿಸ್ಟಮೀನನ್ನು ಹೊರಚೆಲ್ಲುವುದರಿಂದ ನಿಮಿಷಗಳಲ್ಲಿಯೇ ಗಂಧೆಗಳೇಳುತ್ತವೆ.

ಆದರೆ ಕಾಂಗ್ರೆಸ್ ಗಿಡದ ಇಸಬು ನಿಮಿಷಗಳಲ್ಲಿ ಬರುವಂಥದಲ್ಲ. ಒಂದೆರಡು ದಿನಗಳು ಕಳೆದು ಬಲಿಯುತ್ತದೆ. ಇಂಥ ವಿಳಂಬಿತ ಪ್ರತಿಕ್ರಿಯೆಯ ಮರ್ಮವನ್ನು 1942ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಚೇಸ್ ತೋರಿಸಿಕೊಟ್ಟರು. ರಾಸಾಯನಿಕವೊಂದಕ್ಕೆ ಅಲರ್ಜಿ ತಳೆದ ಗಿನಿಯಿಲಿಯ ಸೀರಮ್ಮು ಆ ಗುಣವನ್ನು ಬೇರೊಂದು ಗಿನಿಯಿಲಿಗೆ ದಾಟಿಸಲಿಲ್ಲ. ಅದರ ಜೀವಂತ ಬಿಳಿಯ ಕಣಗಳು ದಾಟಿಸಿದವು.

ಗಿಡದ ರೋಮಗಳಲ್ಲಿರುವ ಪಾರ್ಥೆನಿನ್ ಎಂಬುದು ಅತಿ ಸಣ್ಣ ಅಣು. ಒಣಗಿದ ಗಿಡದ ಧೂಳಿನೊಡನೆ ಅದು ಗಾಳಿಯಲ್ಲಿ ಹಾರಿ ಚರ್ಮವನ್ನು ಹೊಕ್ಕು ಅಲ್ಲಿಯ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. 1868ರಲ್ಲಿ ವಿದ್ಯಾರ್ಥಿಯಾಗಿದ್ದ ಲ್ಯಾಂಗರ್‌ಹಾನ್ಸನು ವರ್ಣಿಸಿದ ಹೊರಚರ್ಮದ ಕಣಗಳೂ ಅವುಗಳ ಬಳಗದವೂ ಅದನ್ನು ದುಗ್ಧರಸ ಗ್ರಂಥಿಗಳಿಗೆ ಒಯ್ದು 'ಟಿ' ಲಿಂಫೋಸೈಟುಗಳಿಗೆ ಪರಿಚಯಿಸುತ್ತವೆ. ಅವು ಸಂಖ್ಯೆಯಲ್ಲಿ ವೃದ್ಧಿಗೊಂಡು, ಆ ವಸ್ತುವಿನ ನೆನಪನ್ನು ಹೊತ್ತು ರಕ್ತದಲ್ಲಿಯೂ ಚರ್ಮದಲ್ಲಿಯೂ ಉಳಿಯುತ್ತವೆ. ಮರಳಿ ಪಾರ್ಥೆನಿನ್ ತಗುಲಿದಾಗ ಅವು ಸ್ರವಿಸುವ ರಾಸಾಯನಿಕಗಳು ಇತರ ಬಿಳಿಯ ಕಣಗಳನ್ನು ಕರೆತರುತ್ತವೆ, ಉರಿಯೂತವುಂಟಾಗುತ್ತದೆ. ರಕ್ತದಲ್ಲಿ ಕೊಳೆಯಿಲ್ಲ, ರಕ್ಷಕ ಕಣಗಳು ಅಪಾಯವಿಲ್ಲದ ವಸ್ತುವನ್ನು ಶತ್ರುವೆಂದು ನೆನಪಿಟ್ಟುಕೊಂಡಿವೆ, ಅಷ್ಟೆ. ಈ ನೆನಪು ಸಾಮಾನ್ಯವಾಗಿ ವರ್ಷಗಟ್ಟಲೆ ಅಳಿಯದಿರುವುದರಿಂದಲೇ ರೋಗವು ಮರುಕಳಿಸುತ್ತದೆ. ಇದೇ ಗಿಡದ ಪರಾಗವು ಐಜಿಇ ಮಾರ್ಗವಾಗಿ ಮೂಗಿನ ಅಲರ್ಜಿಯನ್ನೂ ಉಂಟುಮಾಡಬಲ್ಲದೆಂಬುದನ್ನು ಬೆಂಗಳೂರಿನಲ್ಲಿಯೇ ನಡೆದ ಸಂಶೋಧನೆಗಳು ತೋರಿಸಿವೆ.

ಕಳೆಯನ್ನು ತಿನ್ನುವ ಮೆಕ್ಸಿಕೊದ ದುಂಬಿಯೊಂದನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಅದರಿಂದ ಕೆಲವೆಡೆ ಗಿಡ ತಗ್ಗಿತಾದರೂ ಅಳಿಯಲಿಲ್ಲ. ಸ್ಟೀರಾಯ್ಡ್ ಮೊದಲಾದ ಔಷಧಗಳು ಲಿಂಫೋಸೈಟುಗಳ ಉದ್ರೇಕವನ್ನು ಅಡಗಿಸುತ್ತವೆಯಾದರೂ, ಅವನ್ನು ವೈದ್ಯರ ಸಲಹೆಯಿಲ್ಲದೆ ಬಳಸುವುದು ಹಾನಿಕರ. ಗಿಡದಿಂದ ದೂರವಿರುವುದೇ ಮುಖ್ಯೋಪಾಯ. ಆದರೆ ನಿವೇಶನ ಶುಚಿಮಾಡುವ ಕೂಲಿಕಾರರಿಗೆ ದೂರವಿರುವ ಅನುಕೂಲವೆಲ್ಲಿದೆ? ಬರಿಗೈಯಲ್ಲಿ ಕೀಳುವವನ ಲಿಂಫೋಸೈಟುಗಳಿಗೆ ನಾವೇ ಪಾಠ ಕಲಿಸಿದಂತಾಗುತ್ತದೆ. ಶ್ರಮದಾನಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಅಧ್ಯಾಪಕರು ಕೈಗವಸು, ತುಂಬುತೋಳಿನ ಉಡುಪು, ಮುಖಕ್ಕೆ ಬಟ್ಟೆ ಇವುಗಳನ್ನು ಮೊದಲು ಒದಗಿಸಿ, ಹೂಬಿಡುವ ಮುನ್ನವೇ ಗಿಡವನ್ನು ಕೀಳಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.