ಚಲಚ್ಚಿತ್ರದ ಮಿಠಾಯಿಗಳ ಸಂಗ್ರಹವೂ ದಾಖಲೆಯೂ

೧೯೭೭ರಲ್ಲಿ ಅಮೆರಿಕಾ ದೇಶದಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಎಂಬ ಚಲಚ್ಚಿತ್ರದ ಹೆಸರಿನಲ್ಲಿ ಮಾರಾಟವಾದ ವಸ್ತುಗಳಲ್ಲಿ ಆಟಿಕೆಗಳು ಹೇರಳವಾಗಿ ಉಳಿದುವು. ತಿನಿಸುಗಳು ಬಹುಮಟ್ಟಿಗೆ ಅಳಿದುವು. ತಿನ್ನುವುದಕ್ಕೆಂದೇ ಮಾಡಿದ ವಸ್ತುವು ಉಳಿಯದಿರುವುದು ಸಹಜವೇ ಸರಿ. ಆದರೆ ಉಳಿದ ಕೆಲವನ್ನು ಕಾಪಾಡುವ ಬಗೆ ವಿಚಾರಾರ್ಹವಾಗಿದೆ.

ಅದೇ ವರ್ಷ ಟಾಪ್ಸ್ ಕಂಪೆನಿಯವರು ಈ ಚಿತ್ರದ ದೃಶ್ಯಗಳುಳ್ಳ ಕಾರ್ಡುಗಳನ್ನು ಒಂದು ತುಂಡು ಬಬ್ಬಲ್ ಗಮ್ಮಿನೊಡನೆ ಮೇಣದ ಕಾಗದದಲ್ಲಿ ಸುತ್ತಿ ಮಾರಿದರು. ಮೊದಲನೆಯ ಮಾಲೆಯಲ್ಲಿ ೬೬ ಕಾರ್ಡುಗಳೂ ೧೧ ಅಂಟುಚಿತ್ರಗಳೂ ಇದ್ದುವು. ಇಂತಹ ಪೊಟ್ಟಣವನ್ನು ಬಿಚ್ಚದೆ ಇರಿಸಿದರೆ ಗಮ್ಮು ಕಾಲಕ್ರಮದಲ್ಲಿ ಒಣಗಿ ಪುಡಿಯಾಗುವುದು. ಅದಕ್ಕೆ ತಗುಲಿದ ಕಾರ್ಡಿನ ಮೇಲೆ ಕಲೆ ಬೀಳುವುದು. ಇತರ ತಿನಿಸುಗಳ ಗತಿಯೂ ಹೀಗೆಯೇ. ಸಕ್ಕರೆಯ ಮಿಠಾಯಿಯು ಗಾಳಿಯ ತೇವವನ್ನು ಹೀರಿ ಹೊದಿಕೆಗೆ ಅಂಟಿಕೊಳ್ಳುವುದು. ಚಾಕೊಲೇಟಿನ ಕೊಬ್ಬು ಮೇಲಕ್ಕೆ ಬಂದು ಬಿಳಿಯ ಪೊರೆ ಕಟ್ಟುವುದು. ಇರುವೆ ಹುಳುಗಳ ಬಾಧೆ ಬೇರೆ.

ಸಂಗ್ರಾಹಕನ ಧರ್ಮಸಂಕಟವು ಇಲ್ಲಿಯೇ. ಬಿಚ್ಚದ ಪೊಟ್ಟಣಕ್ಕೆ ಬೆಲೆ ಹೆಚ್ಚು. ಆದರೆ ಒಳಗಿನ ತಿನಿಸೇ ಅದನ್ನು ಕೆಡಿಸುವುದು. ಬಿಚ್ಚಿದರೆ ಹೊದಿಕೆ ಉಳಿಯುವುದು, ಪೂರ್ಣತೆ ಹೋಗುವುದು. ಆದುದರಿಂದ ವಸ್ತುವು ಹೊಸದಾಗಿರುವಾಗಲೇ ಅದರ ತೂಕ, ಅಳತೆ, ಬಣ್ಣ, ಹೊದಿಕೆಯ ಮೇಲಣ ಬರೆಹ, ಬೆಲೆ, ಕೊಂಡ ಸ್ಥಳ, ದಿನ ಇವೆಲ್ಲವನ್ನೂ ಛಾಯಾಚಿತ್ರಗಳೊಡನೆ ಬರೆದಿಡುವುದು ಮೊದಲ ಕೆಲಸ. ತಿನಿಸನ್ನು ತೆಗೆದಲ್ಲಿ, ತೆಗೆದ ದಿನವನ್ನೂ ಕಾರಣವನ್ನೂ ನಮೂದಿಸತಕ್ಕದ್ದು. ಇಲ್ಲವಾದರೆ ಬರಿದಾದ ಹೊದಿಕೆಯ ಚರಿತ್ರೆಯು ಮುಂದಿನವರಿಗೆ ತಿಳಿಯದು.

ಶಿಥಿಲವಾದ ಓಲೆಗರಿಯನ್ನು ಒಡೆಯುವ ಮೊದಲೇ ಪ್ರತಿಮಾಡಿಟ್ಟವರ ವಿವೇಕವೂ ಇದೇ ಆಗಿದ್ದಿತು.