ನೆಲ ಬಿಟ್ಟ ಚಕ್ರ

ಶಿರಾಡಿ ಘಾಟಿ ಇಳಿಯುವ ಮುಂಚೆ ಸಕಲೇಶಪುರದಲ್ಲಿ ಬೈಕ್ ತೋರಿಸಿಕೊಂಡು ಹೋಗುವವರು ಮಳೆಗಾಲದಲ್ಲಿ ಜಾಸ್ತಿ. ಹೆದ್ದಾರಿ 75ರ ಪಕ್ಕದ ಗ್ಯಾರೇಜಿಗೆ ಬೆಳಗಾಗುತ್ತಲೇ ಮೈತುಂಬ ರಾಡಿ ಮೆತ್ತಿಕೊಂಡ ಒಂದು ಕ್ಲಾಸಿಕ್ 350 ಬಂದಿದೆ. ಹಿಂದಿನ ಚಕ್ರದಲ್ಲಿ ಕಟಕಟ ಸದ್ದು ಅನ್ನುವುದು ಸವಾರನ ದೂರು.

ಮೇಸ್ತ್ರಿ ಸ್ಪ್ಯಾನರ್ ಮುಟ್ಟುವುದಿಲ್ಲ. ಮೊದಲು ನೆಲ ನೋಡುತ್ತಾರೆ. ಸೂರಿನ ನೀರು ಬಿದ್ದು ಮಣ್ಣು ಮೆತ್ತಗಾದ ಕಡೆ ನಿಲ್ಲಿಸಿದರೆ ಸ್ಟ್ಯಾಂಡ್ ಹೂತುಕೊಂಡು ಗಾಡಿ ವಾಲುತ್ತದೆ. ಸಿಮೆಂಟ್ ಹಾಕಿದ ಜಾಗಕ್ಕೆ ತಳ್ಳಿಸಿ, ಅಲ್ಲಿ ಚೆಲ್ಲಿದ್ದ ಆಯಿಲ್ ಮೇಲೆ ಮರದ ಪುಡಿ ಎರಚಿ ಗುಡಿಸಿಸುತ್ತಾರೆ.

“ಅಣ್ಣ, ಎತ್ಲಾ?” ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹಿಂದಿನ ಹಿಡಿಗೆ ಎರಡೂ ಕೈ ಹಾಕುತ್ತಾನೆ.

“ಎತ್ತಬೇಡ ಕಣೋ, ತುಳಿ.”

195 ಕೆ.ಜಿ. ತೂಗುವ ಗಾಡಿ. ರಟ್ಟೆ ಬಲ ನಂಬಿ ಎತ್ತಹೋದವರ ಸೊಂಟ ಹಿಡಿದುಕೊಳ್ಳುವುದು ಹೀಗೆಯೇ. ಹುಡುಗ ಗಾಡಿಯ ಎಡಕ್ಕೆ ಬಂದು ನಿಲ್ಲುತ್ತಾನೆ: ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಹಿಂದಿನ ಹಿಡಿಯ ಮೇಲೆ, ಬಲಗಾಲು ಡಬಲ್ ಸ್ಟ್ಯಾಂಡಿನ ಮೇಲೆ. ಗಾಡಿ ನ್ಯೂಟ್ರಲ್‌ನಲ್ಲಿದೆ, ಬ್ರೇಕ್ ಹಿಡಿದಿಲ್ಲ. ಮೆಲ್ಲಗೆ ಆಚೀಚೆ ಅಲುಗಿಸಿ, ಸ್ಟ್ಯಾಂಡಿನ ಎರಡು ಕಾಲೂ ನೆಲಕ್ಕೆ ತಾಗಿದ್ದು ಖಾತ್ರಿಯಾದ ಮೇಲೆ ಮೈಭಾರವನ್ನೆಲ್ಲ ಬಲಗಾಲಿಗೆ ಬಿಡುತ್ತಾನೆ. ಕೈಗಳು ದಾರಿ ತೋರಿಸುತ್ತವೆ ಅಷ್ಟೆ. ಗಾಡಿ ಹಿಂದಕ್ಕೆ ಸರಿದು ಸಲೀಸಾಗಿ ಮೇಲೇರುತ್ತದೆ.

ಮೇಸ್ತ್ರಿ ಹಳೇ ಟ್ಯೂಬಿನಿಂದ ಕತ್ತರಿಸಿದ ಪಟ್ಟಿ ತಂದು ಮುಂದಿನ ಬ್ರೇಕ್ ಲಿವರನ್ನು ಹ್ಯಾಂಡಲಿಗೆ ಬಿಗಿದು ಸುತ್ತುತ್ತಾರೆ. ಯಾರಾದರೂ ತಗುಲಿದರೂ ಮುಂದಿನ ಚಕ್ರ ಉರುಳಬಾರದು, ಸ್ಟ್ಯಾಂಡ್ ಮಡಚಿಕೊಳ್ಳಬಾರದು. ಕಾಸು ಖರ್ಚಿಲ್ಲದ ಈ ರಬ್ಬರ್ ತುಂಡು ಪ್ರತಿ ಮನೆಯ ಟೂಲ್ ಡಬ್ಬಿಯಲ್ಲೂ ಇರಬೇಕು. ಸೈಡ್ ಸ್ಟ್ಯಾಂಡಿಗೆ ಇಟ್ಟಿಗೆ ಕೊಟ್ಟು, ಅರ್ಧ ವಾಲಿದ ಗಾಡಿಯ ಅಡಿಗೆ ತಲೆ ತೂರಿಸುವವರನ್ನು ಕಂಡರೆ ನನ್ನ ಎದೆ ಝಲ್ಲೆನ್ನುತ್ತದೆ.

ಈಗ ಹಿಂದಿನ ಚಕ್ರ ನೆಲ ಬಿಟ್ಟಿದೆ. ಎಂಜಿನ್ ಆಫ್. ಓಡುವ ಎಂಜಿನ್‌ನಲ್ಲಿ ಚೇನ್ ಒರೆಸಲು ಹೋದರೆ ಬಟ್ಟೆಯ ಜೊತೆ ಬೆರಳೂ ಸ್ಪ್ರಾಕೆಟ್‌ಗೆ ಸಿಗುತ್ತದೆ. ಮೇಸ್ತ್ರಿ ಕೈಯಲ್ಲೇ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯ ತೋರುಬೆರಳಿನಿಂದ ಚೇನನ್ನು ಕೆಳಗಿನಿಂದ ಒತ್ತಿ ನೋಡುತ್ತಾರೆ. ಒಂದು ಕಡೆ ಜೋತು ಬೀಳುವ ಚೇನ್ ಅರ್ಧ ಸುತ್ತಿಗೆ ಬಿಗಿಯಾಗುತ್ತದೆ. ಎಲ್ಲಿ ಅತಿ ಬಿಗಿಯೋ ಅಲ್ಲಿಯೇ ಸಡಿಲ ಅಳೆಯಬೇಕು. ಆಮೇಲೆ ಟೈರನ್ನು ಮೇಲೊಂದು ಕೆಳಗೊಂದು ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಕಟಕ್ ಎನ್ನುತ್ತದೆ.

“ಬೇರಿಂಗ್ ಹೋಗಿದೆ ಸಾರ್. ನೆಲದ ಮೇಲಿದ್ದಾಗ ಇದು ಗೊತ್ತಾಗಲ್ಲ.”

ಮುಂದಿನ ಚಕ್ರ ಏಳಬೇಕೆಂದರೆ ಜಾಕಿ ಬೇಕು, ಜಾಕಿಗೂ ಎಂಜಿನ್ನಿಗೂ ನಡುವೆ ಮರದ ಹಲಗೆ ಬೇಕು. ಹಳೇ ಬುಲೆಟ್‌ಗಳಲ್ಲಿ ಎಂಜಿನ್ ಅಡಿಗೆ ಫ್ರೇಮಿನ ಪೈಪೇ ಇಲ್ಲ, ಭಾರವೆಲ್ಲ ನೇರವಾಗಿ ಕ್ರ್ಯಾಂಕ್‌ಕೇಸಿನ ಮೇಲೆ ಬೀಳುತ್ತದೆ. ಆಯಿಲ್ ಬೋಲ್ಟಿಗೋ ಸೈಲೆನ್ಸರ್ ಪೈಪಿಗೋ ಜಾಕಿ ಕೊಟ್ಟರೆ ರಿಪೇರಿಗೆ ಬಂದ ಗಾಡಿಗೆ ಇನ್ನೊಂದು ರಿಪೇರಿ. ಹಲಗೆಯ ಮೇಲೆ ಚಕ್ರ ಒಂದಿಷ್ಟು ಎದ್ದಾಗ ಹ್ಯಾಂಡಲನ್ನು ನಿಧಾನಕ್ಕೆ ಎಡಬಲ ತಿರುಗಿಸುತ್ತಾರೆ. ನಡುವೆ ಎಲ್ಲೂ ಕಚ್ಚಲಿಲ್ಲ, ಕೋನ್ ಸೆಟ್ ಚೆನ್ನಾಗಿದೆ.

ಅಷ್ಟರಲ್ಲಿ ಬಂದ ಡ್ಯೂಕ್‌ಗೆ ಡಬಲ್ ಸ್ಟ್ಯಾಂಡೇ ಇಲ್ಲ. ಅದಕ್ಕೆ ಪ್ಯಾಡಾಕ್ ಸ್ಟ್ಯಾಂಡ್: ಒಬ್ಬ ಗಾಡಿಯನ್ನು ನೆಟ್ಟಗೆ ಹಿಡಿಯುತ್ತಾನೆ, ಇನ್ನೊಬ್ಬ ಸ್ವಿಂಗ್ ಆರ್ಮಿನ ಎರಡೂ ಬದಿಗೆ ಸ್ಟ್ಯಾಂಡ್ ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡಿದ ಮೇಲೆಯೇ ಹಿಡಿಕೆ ಒತ್ತುತ್ತಾನೆ. ಒಬ್ಬರೇ ಮಾಡುವವರಿದ್ದಾರೆ. ಗಾಡಿ ಆಚೆ ಬದಿಗೆ ಬಿದ್ದರೆ ಹಿಡಿಯುವವರಿಲ್ಲ.

ಬೇರಿಂಗ್ ಬದಲಾಗಿ ಕ್ಲಾಸಿಕ್ ಇಳಿಯುವ ಹೊತ್ತು. ಮೊದಲು ಸೈಡ್ ಸ್ಟ್ಯಾಂಡ್ ಹೊರಗೆ, ಆಮೇಲೆ ರಬ್ಬರ್ ಪಟ್ಟಿ ಬಿಚ್ಚುವುದು, ಕೊನೆಗೆ ಮುಂದಕ್ಕೆ ದೂಡುವುದು. ಸವಾರ ಹೆಲ್ಮೆಟ್ ಹಾಕಿಕೊಂಡು ಕೀ ತಿರುಗಿಸುವಷ್ಟರಲ್ಲಿ ಮೇಸ್ತ್ರಿ ತಡೆಯುತ್ತಾರೆ. ಚಕ್ರ ಬಿಚ್ಚಿ ಹಾಕಿದಾಗ ಡಿಸ್ಕ್ ಪ್ಯಾಡ್‌ಗಳು ಅಗಲಿಸಿಕೊಂಡಿರುತ್ತವೆ, ಮೊದಲ ಸಲ ಒತ್ತಿದ ಬ್ರೇಕ್ ಹಿಡಿಯುವುದಿಲ್ಲ. “ಪೆಡಲ್ ಗಟ್ಟಿಯಾಗೋವರೆಗೂ ಒತ್ತಿ ಸಾರ್, ಇಲ್ಲೇ. ಆಮೇಲೆ ಘಾಟಿ.”