ಕೆಂಪೆಣ್ಣೆಯ ಜಾಡು

ಕಾಪುವಿನ ಹತ್ತಿರ ಹೆದ್ದಾರಿ 66ರ ಬದಿಯ ಗ್ಯಾರೇಜಿನಲ್ಲಿ ಮಿತ್ಸುಬಿಷಿ ಸೀಡಿಯಾ ಕಾರೊಂದು ಸ್ಟ್ಯಾಂಡುಗಳ ಮೇಲೆ ನಿಂತಿದೆ. ಮುಂದಿನ ಎರಡೂ ಚಕ್ರಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದಾರೆ. ಕೆಳಗೆ ಮಲಗಿದ್ದ ಮೇಸ್ತ್ರಿ ಸ್ಟೇರಿಂಗ್ ರ‍್ಯಾಕಿನ ಎಡಗಡೆಯ ರಬ್ಬರ್ ಬೂಟಿನ ಕ್ಲಿಪ್ಪು ಸಡಿಲಿಸಿ ಬೂಟನ್ನು ಹಿಂದಕ್ಕೆ ಎಳೆದದ್ದೇ ತಡ, ಒಳಗೆ ಕಟ್ಟಿಕೊಂಡಿದ್ದ ಎಣ್ಣೆ ಟ್ರೇಗೆ ಸುರಿಯಿತು. ಹೊಸತರಲ್ಲಿ ಕೆಂಪಗಿರುವ ಎಣ್ಣೆ ಕಂದು ಬಣ್ಣಕ್ಕೆ ತಿರುಗಿದೆ. ಅಡಿಯಲ್ಲಿ ತುಕ್ಕಿನ ಕೆಸರು, ನಡುನಡುವೆ ನೀರಿನ ಗುಳ್ಳೆ.

"ಎಣ್ಣೆ ತುಂಬ್ಸಿ ತುಂಬ್ಸಿ ಓಡ್ಸಿದ್ದು, ಅಲ್ವಾ?"

"ಹೌದಣ್ಣ. ಸ್ಟೇರಿಂಗ್ ಭಾರ ಆದಾಗ ಹಾಕ್ತಿದ್ದೆ."

"ಬರೀ ಎಣ್ಣೆ ಹೋಗಿದ್ದಲ್ಲ ಮಾರಾಯ್ರೆ, ನೀರೂ ಹೊಕ್ಕಿದೆ. ಬೂಟ್ ಹರಿದು ಒಂದು ಮಳೆಗಾಲ ಕಳೆದಿರ್ಬೇಕು."

ಕಾರಿನ ಯಜಮಾನ ಕಾರ್ಕಳದ ಹುಡುಗ. ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಹತ್ತುವಾಗ ಸ್ಟೇರಿಂಗ್ ಕೈಗೆ ಬಾರದಷ್ಟು ಬಿಗಿಯಾಯಿತಂತೆ. ಜೊತೆಗೆ ಪಂಪಿನ ಕೊಂಯ್ ಎನ್ನುವ ಶಬ್ದ ಬೇರೆ. ಸೀಡಿಯಾ ನಮ್ಮಲ್ಲಿ ಮಾರಾಟಕ್ಕೆ ಬಂದದ್ದು 2006ರಲ್ಲಿ. ಹಿಂದೂಸ್ತಾನ್ ಮೋಟಾರ್ಸ್ ಇದನ್ನು ತಮಿಳುನಾಡಿನ ತಿರುವಳ್ಳೂರಿನಲ್ಲಿ ತಯಾರಿಸುತ್ತಿತ್ತು. ನೋಡಲು ಸಾಮಾನ್ಯ ಸೆಡಾನ್, ಒಳಗೆ ಎರಡು ಲೀಟರಿನ ಎಂಜಿನ್. ಎಂಆರ್‌ಎಫ್ ತಂಡ ರಾಷ್ಟ್ರೀಯ ರ‍್ಯಾಲಿಗಳಲ್ಲಿ ಓಡಿಸಿ ಗೆದ್ದ ಕಾರು. ಕೋಟಿ ಬೆಲೆಯ ವಿದೇಶಿ ಕಾರು ಕೊಳ್ಳಲಾಗದ ನಮ್ಮ ಕಡೆಯ ಹುಡುಗರಿಗೆ ಸ್ಪೋರ್ಟ್ಸ್ ಕಾರೆಂದರೆ ಇದೇ. ತಯಾರಿಕೆ ನಿಂತುಹೋಗಿ ವರ್ಷಗಳಾದವು, ಹೊಸ ರ‍್ಯಾಕ್ ಹುಡುಕಿದರೂ ಸಿಗುವುದು ಕಷ್ಟ. ಹಾಗಾಗಿ ಇದ್ದದ್ದನ್ನೇ ಸರಿಪಡಿಸಬೇಕು.

ಸೋರುವುದು ಎಲ್ಲಿ, ಯಾಕೆ? ಸ್ಟೇರಿಂಗ್ ತಿರುಗಿಸಿದಾಗ ಅದರ ಕೆಳತುದಿಯ ಪಿನಿಯನ್ ಹಲ್ಲುಗಳು ರ‍್ಯಾಕಿನ ಉಕ್ಕಿನ ಸರಳನ್ನು ಅತ್ತಿತ್ತ ಸರಿಸುತ್ತವೆ. ಪಿನಿಯನ್ ಮೇಲಿನ ತೆಳು ಟಾರ್ಷನ್ ಬಾರ್ ಕೈಯ ಒತ್ತಡಕ್ಕೆ ತುಸುವೇ ತಿರುಚಿಕೊಂಡು ವಾಲ್ವು ತೆರೆಯುತ್ತದೆ. ಆಗ ಪಂಪಿನಿಂದ ಬಂದ ಎಣ್ಣೆ ಸರಳಿನ ಮೇಲಿರುವ ಪಿಸ್ಟನ್ನಿನ ಒಂದು ಪಕ್ಕಕ್ಕೆ ನುಗ್ಗಿ ನೂಕುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಹಿಡಿದಾಗ ಅಲ್ಲಿನ ಒತ್ತಡ ಟಯರಿನ ಗಾಳಿಗಿಂತ ಮೂವತ್ತು ಪಟ್ಟಿಗೂ ಹೆಚ್ಚು. ಅಷ್ಟನ್ನೂ ತಡೆದು ನಿಲ್ಲಿಸುವುದು ಎರಡು ಬದಿಯ ರಬ್ಬರ್ ಸೀಲುಗಳು. ಅಮೆರಿಕದ ಫ್ರಾನ್ಸಿಸ್ ಡೇವಿಸ್ 1926ರಲ್ಲಿ ಒಂದು ಕಾರಿಗೆ ಎಣ್ಣೆಯ ಪವರ್ ಸ್ಟೇರಿಂಗ್ ಜೋಡಿಸಿ ಓಡಿಸಿದ್ದ. ಕ್ರೈಸ್ಲರ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದದ್ದು 1951ರಲ್ಲಿ. ಈಗಿನ ಬಹುತೇಕ ಕಾರುಗಳಲ್ಲಿ ಆ ಕೆಲಸ ವಿದ್ಯುತ್ ಮೋಟರಿನದು. ಪೋರ್ಷೆ 911 ಕೂಡ 2011ರಲ್ಲಿ ಎಣ್ಣೆಯನ್ನು ಬಿಟ್ಟಿತು. ಆದರೆ ರಸ್ತೆಯ ಸಣ್ಣ ಉಬ್ಬುತಗ್ಗೂ ಅಂಗೈಗೆ ತಿಳಿಯಬೇಕು ಎನ್ನುವವರು ಇವತ್ತಿಗೂ ಎಣ್ಣೆಯ ರ‍್ಯಾಕನ್ನೇ ಮೆಚ್ಚುತ್ತಾರೆ. ನನ್ನ ಮತವೂ ಅದೇ.

ರ‍್ಯಾಕ್ ಬಿಚ್ಚುವ ಮೊದಲು ಮೇಸ್ತ್ರಿ ಸೀಟ್ ಬೆಲ್ಟನ್ನೇ ಎಳೆದು ಸ್ಟೇರಿಂಗ್ ಚಕ್ರಕ್ಕೆ ಕಟ್ಟಿದರು. ಕೆಳಗಿನ ಜೋಡಣೆ ಕಳಚಿದ ಮೇಲೆ ಚಕ್ರ ಗಿರ್ರನೆ ತಿರುಗಿದರೆ, ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದರ ಸುರುಳಿ ವೈರು ತುಂಡಾಗುತ್ತದೆ. ಟೈ ರಾಡ್ ತುದಿಗಳನ್ನು ಬಿಚ್ಚುವಾಗ ಎಷ್ಟು ಸುತ್ತು ಬಂತೆಂದು ಎಣಿಸಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಎರಡು ಬೂಟುಗಳ ನಡುವೆ ಒಂದು ಸಪೂರ ಗಾಳಿಯ ಪೈಪಿದೆ. ಒಂದು ಬೂಟು ಕುಗ್ಗಿದಾಗ ಗಾಳಿ ಇನ್ನೊಂದಕ್ಕೆ ಹೋಗಲು ಅದೇ ದಾರಿ. ಎಣ್ಣೆಯೂ ಅದೇ ದಾರಿ ಹಿಡಿಯುವುದರಿಂದ ಎಡಗಡೆ ತೊಟ್ಟಿಕ್ಕುವ ಕಾರಿನಲ್ಲಿ ಬಲಗಡೆಯ ಸೀಲೇ ಹೋಗಿರುವುದುಂಟು. ಒಂದು ಬದಿಯನ್ನಷ್ಟೇ ಬದಲಿಸಿ ಕಳಿಸಿದ ಕಾರು ತಿಂಗಳಲ್ಲಿ ಮರಳಿ ಬರುವುದು ಇದಕ್ಕೇ.

ಸರಳು ಹೊರಬಂತು. ಒರೆಸಿದರೆ ಕನ್ನಡಿಯಂತೆ ಹೊಳೆಯುತ್ತದೆ, ಎಡತುದಿಯ ಒಂದು ಗೇಣು ಬಿಟ್ಟು. ಅಲ್ಲಿ ಕಂದು ಚುಕ್ಕೆಗಳು. ಮೇಸ್ತ್ರಿ ಕಣ್ಣುಮುಚ್ಚಿ ಹೆಬ್ಬೆರಳ ಉಗುರನ್ನು ಸರಳಿನುದ್ದಕ್ಕೆ ಎಳೆದರು. ಚುಕ್ಕೆಯ ಮೇಲೆ ಉಗುರು ಜಾರಿಹೋದರೆ ಉಳಿಯಿತು, ತಡೆದು ನಿಂತರೆ ಅದು ಗುಳಿ. ಗುಳಿಯ ಅಂಚು ಪ್ರತಿ ತಿರುವಿನಲ್ಲೂ ಸೀಲಿನ ತುಟಿಯನ್ನು ಕೆರೆದು ಕೆರೆದು ಹರಿಯುತ್ತದೆ. ಅಂಥ ಸರಳಿಗೆ ಎಷ್ಟು ಹೊಸ ಸೀಲು ಹಾಕಿದರೂ ವ್ಯರ್ಥ. ಹಾರ್ಡ್ ಕ್ರೋಮ್ ಹಾಕಿಸಿ ಗ್ರೈಂಡ್ ಮಾಡಿಸಬೇಕು. ಈ ಸರಳಿನಲ್ಲಿ ಉಗುರು ನಿಲ್ಲಲಿಲ್ಲ. ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದ ಲೇತಿನವರು ಅದನ್ನು ತಿರುಗಲು ಬಿಟ್ಟು, ಎಣ್ಣೆಯಲ್ಲಿ ಅದ್ದಿದ ಎರಡು ಸಾವಿರ ನಂಬರಿನ ಎಮರಿ ಕಾಗದವನ್ನು ಮೆಲ್ಲಗೆ ಹಿಡಿದು ಚುಕ್ಕೆ ತೆಗೆದುಕೊಟ್ಟರು.

ಮೂಲ ತಪ್ಪು ಸೀಲಿನದಲ್ಲ, ಹರಿದ ಬೂಟಿನದು. ನಮ್ಮ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಪಡುವಣಕ್ಕೆ ಉದ್ದಕ್ಕೂ ಕಡಲು, ಮರವಂತೆಯಲ್ಲಂತೂ ಅಲೆಯ ಸಿಂಚನ ಹೆದ್ದಾರಿಗೇ ಬಂದು ಬೀಳುತ್ತದೆ. ಆ ಉಪ್ಪುನೀರು ಬೂಟಿನ ಬಿರುಕಿನೊಳಗೆ ಹೊಕ್ಕರೆ ನುಣುಪಾದ ಉಕ್ಕು ಎಷ್ಟು ದಿನ ತಡೆದೀತು?

ಸೀಲು ಆರಿಸುವಾಗಲೂ ಎಚ್ಚರ ಬೇಕು. ಅಳತೆ ಕೂಡಿಬಂತೆಂದು ಎಂಜಿನ್ನಿಗೆ ಹಾಕುವ ಸಾಧಾರಣ ಆಯಿಲ್ ಸೀಲು ತಂದರೆ ಮೊದಲ ತಿರುವಿನಲ್ಲೇ ಅದರ ತುಟಿ ಮಗುಚಿಕೊಳ್ಳುತ್ತದೆ, ಅದು ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ. ಪವರ್ ಸ್ಟೇರಿಂಗಿನ ಸೀಲಿನ ಹಿಂದೆ ಆಧಾರಕ್ಕೆ ಗಟ್ಟಿ ಪ್ಲಾಸ್ಟಿಕ್ ಬಳೆ ಇರುತ್ತದೆ. ಮಲ್ಪೆಯ ಬೋಟು, ಕಲ್ಲುಕೋರೆಯ ಹಿಟಾಚಿ, ಜೆಸಿಬಿಗಳ ಹೈಡ್ರಾಲಿಕ್ ಕೆಲಸ ಕಂಡ ಕೈಗಳಿಗೆ ಈ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ.

ಜೋಡಿಸುವಾಗಿನ ನಾಜೂಕು ನೋಡುವಂಥದ್ದು. ಸರಳಿನ ಹರಿತ ಹಲ್ಲುಗಳ ಮೇಲೆ ಹಾಯುವಾಗಲೇ ಹೊಸ ಸೀಲು ಸೀಳಿಬಿಡಬಹುದು. ಮೇಸ್ತ್ರಿ ಸೋಡಾ ಬಾಟಲಿಯ ಪ್ಲಾಸ್ಟಿಕನ್ನು ಕತ್ತರಿಸಿ ಹಲ್ಲುಗಳಿಗೆ ಸುತ್ತಿ, ಎಣ್ಣೆ ಸವರಿ, ಅದರ ಮೇಲಿಂದ ಸೀಲನ್ನು ಜಾರಿಸಿದರು. ಪಿಸ್ಟನ್ನಿನ ಟೆಫ್ಲಾನ್ ಬಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ತೊಡಿಸಿ, ಆರುವವರೆಗೆ ಬೆರಳುಗಳಿಂದ ಅದುಮಿ ಹಿಡಿದರು. ಅಷ್ಟು ಹೊತ್ತು ಗ್ಯಾರೇಜಿನಲ್ಲಿ ಯಾರೂ ಅವರನ್ನು ಮಾತಾಡಿಸಲಿಲ್ಲ.

ಸಂಜೆಗೆ ರ‍್ಯಾಕ್ ಕಾರಿಗೇರಿತು. ಹೊಸ ಎಣ್ಣೆ, ಎರಡೂ ಬದಿಗೆ ಹೊಸ ಬೂಟು. ಚಕ್ರ ನೆಲಕ್ಕೆ ತಾಗದಂತೆ ಎತ್ತಿಟ್ಟು, ಎಂಜಿನ್ ಆಫ್ ಇದ್ದಾಗಲೇ ಹುಡುಗ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತ ಹೋದ. ಡಬ್ಬಿಯಲ್ಲಿ ನೊರೆ ನಿಂತ ಮೇಲೆಯೇ ಎಂಜಿನ್ ಚಾಲೂ. ಪಂಪಿನ ಸದ್ದಿಲ್ಲ. ಬೂಟಿನ ಸುತ್ತ ಬಿಳಿ ಕಾಗದ ಒತ್ತಿ ನೋಡಿದರು, ಒಣಗಿತ್ತು. ಮರುದಿನ ಉಡುಪಿಯಲ್ಲಿ ವ್ಹೀಲ್ ಅಲೈನ್‌ಮೆಂಟ್. ಸುತ್ತು ಎಣಿಸಿಟ್ಟಿದ್ದರೂ ಅದನ್ನು ಬಿಡುವಂತಿಲ್ಲ.

ಸೋರಿಕೆ ನಿಲ್ಲಿಸುವ ದ್ರಾವಣಗಳು ಅಂಗಡಿಯಲ್ಲಿ ಸಿಗುತ್ತವೆ. ಅವು ರಬ್ಬರನ್ನು ಒಂದಷ್ಟು ದಿನ ಉಬ್ಬಿಸುತ್ತವೆಯೇ ಹೊರತು ಹರಿದ ತುಟಿಯನ್ನು ಕೂಡಿಸುವುದಿಲ್ಲ. ಕರಾವಳಿಯಲ್ಲಿ ಹಳೆಯ ಕಾರು ಇಟ್ಟುಕೊಂಡವರು ಮೇ ತಿಂಗಳು ಮುಗಿಯುವ ಮೊದಲು ಒಮ್ಮೆ ಮುಂಭಾಗ ಎತ್ತಿಸಿ, ಟಾರ್ಚ್ ಹಿಡಿದು ಆ ಎರಡು ಬೂಟುಗಳ ಮಡಿಕೆ ಮಡಿಕೆಯನ್ನೂ ಬಿಡಿಸಿ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಮಳೆ ಬರುವ ಮೊದಲೇ ಬದಲಿಸಿಬಿಡಿ.